ಮ್ಯಾನ್ಯುವಲ್ ತಿದ್ದಿದ ಸುಜಾತಾ

“ಸರ್, ನಂದು ಬರೋಬರ್ ಐತ್ರಿ. ಮ್ಯಾನ್ಯುವಲ್‌ನಾಗ ತಪ್ಪೈತಿ!”

ಕರೋಶಿಯಿಂದ ಬರುವ ಸುಜಾತಾ ಉತ್ತರಪತ್ರಿಕೆ ಹಿಡಿದು ಎದ್ದು ನಿಂತಾಗ ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಚಿಕ್ಕೋಡಿಯ ಕಾಲೇಜಿನಲ್ಲಿ ನಾನು ಕಲಿಸುವ ಪ್ರೋಗ್ರಾಮಿಂಗ್ ಭಾಷೆಗೆ, ಅದನ್ನು ರೂಪಿಸಿದವರೇ ಬರೆದು ಅಂತರ್ಜಾಲದಲ್ಲಿಟ್ಟ ಮ್ಯಾನ್ಯುವಲ್ ಅದು. ಪಟ್ಟಿಯಲ್ಲಿಲ್ಲದ ಹೆಸರನ್ನು ಹುಡುಕಿಸಿದರೆ ಕಂಪ್ಯೂಟರ್ ‘ಸೊನ್ನೆ’ ಎಂದು ಉತ್ತರಿಸುತ್ತದೆ ಎಂದು ಅದರಲ್ಲಿತ್ತು. ಈಕೆ ‘ಮೈನಸ್ ಒಂದು’ ಎಂದು ಬರೆದಿದ್ದಳು. ನಾನು ಎರಡು ಅಂಕ ಕಳೆದಿದ್ದೆ.

“ಹಂಗಾದ್ರ ಅವರಿಗೇ ಬರದು ತಿದ್ಸವ್ವಾ,” ಎಂದು ಚೇಷ್ಟೆ ಮಾಡಿ ಕೂರಿಸಿದೆ.

ಎಂಟು ದಿನ ಬಿಟ್ಟು ಸ್ಟಾಫ್ ರೂಮಿಗೆ ಬಂದವಳು ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದಳು. ಅವಳು ನಿಜಕ್ಕೂ ಅವರಿಗೆ ಬರೆದಿದ್ದಳು! ಮ್ಯಾನ್ಯುವಲ್‌ನಲ್ಲಿ ಆ ಸಾಲು ‘ಮೈನಸ್ ಒಂದು’ ಎಂದು ಬದಲಾಗಿತ್ತು. ತಪ್ಪು ತೋರಿಸಿದ್ದಕ್ಕೆ ಅವರು ಧನ್ಯವಾದವನ್ನೂ ಹೇಳಿದ್ದರು. ಪಕ್ಕದಲ್ಲಿದ್ದ ಮರಾಠಿ ಮೇಷ್ಟ್ರು ಚಹಾದ ಕಪ್ ಕೆಳಗಿಟ್ಟು ಇಣುಕಿ ನೋಡಿದರು.

“ಅವರು ತಿದ್ಕೊಂಡಾರ್ರಿ ಸರ್. ನೀವು ಯಾವಾಗ ತಿದ್ಕೋತೀರಿ?” ಎಂದಳು, ಬಹಳ ವಿನಯದಿಂದ.

ಮೇಷ್ಟ್ರ ಎದುರಿಗೇ ಎರಡು ಅಂಕ ಕೊಟ್ಟೆ. ಇಷ್ಟು ವರ್ಷ ಆ ಸಾಲನ್ನು ಬಾಯಿಪಾಠ ಮಾಡಿಸಿದ ನಾನು ಒಮ್ಮೆಯೂ ಅದನ್ನು ಕಂಪ್ಯೂಟರ್‌ನಲ್ಲಿ ಹಾಕಿ ನೋಡಿರಲಿಲ್ಲ ಎಂಬುದನ್ನು ಮಾತ್ರ ಅವಳಿಗೆ ಇನ್ನೂ ಹೇಳಿಲ್ಲ.