ಮೀಸಲು ತೆನೆ

ಬೆಂಗಳೂರಿನ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿನಿಂದ ಇಳಿದರೆ ಮೊದಲು ಮೂಗಿಗೆ ಬಡಿಯುವುದು ಡೀಸೆಲ್ ಹೊಗೆ. ಅದರ ಬೆನ್ನಿಗೇ ಕೆಂಡದ ಮೇಲೆ ಸುಡುವ ಮುಸುಕಿನ ಜೋಳದ ವಾಸನೆ. ಮೊನ್ನೆ ಗಾಡಿಯ ಮುಂದೆ ನಿಂತು ಒಂದು ತೆನೆ ಆರಿಸಿಕೊಂಡೆ. ಆರಿಸಿದ ಮೇಲೆ ಸುಡಲು ಕೊಡಬೇಕು ತಾನೆ? ನನ್ನ ಕೈ ತಾನಾಗಿಯೇ ಸಿಪ್ಪೆಯನ್ನು ಬುಡದ ತನಕ ಸುಲಿದು, ತೊಟ್ಟಿನ ಹತ್ತಿರ ಬೆರಳಾಡಿಸತೊಡಗಿತು. ಗಾಡಿಯಾಕೆ ಬೀಸಣಿಗೆ ನಿಲ್ಲಿಸಿ, "ಏನ್ ಸಾರ್, ಹೆಣ್ಣು ನೋಡಕ್ ಬಂದೋರ್ ಥರ ನೋಡ್ತೀರಲ್ಲ" ಎಂದಳು. ನಗು ಬಂತು. ಆದರೆ ನೀವೇ ಹೇಳಿ, ಒಮ್ಮೆ ಬಡಿದ ಸಿಡಿಲು ಮನಸ್ಸಿನಿಂದ ಹೋದರೂ ಬೆರಳಿನಿಂದ ಹೋಗುತ್ತದೆಯೇ?

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಕೃಷಿ ಕಾಲೇಜಿನಲ್ಲಿ ಸಂಶೋಧನಾ ಫೆಲೋ. ಹೆಸರು ದೊಡ್ಡದು, ಕೆಲಸ ಹುಳ ಸಾಕುವುದು. ಮುಸುಕಿನ ಜೋಳದ ಕಾಂಡ ಕೊರೆಯುವ ಹುಳಕ್ಕೆ ಔಷಧಿಯ ಹಂಗಿಲ್ಲದೆ ಸೆಡ್ಡು ಹೊಡೆಯುವ ತಳಿಯನ್ನು ಹುಡುಕಬೇಕಿತ್ತು. ಹಾಗಾಗಿ ನಾನೇ ಡಬ್ಬಿಗಳಲ್ಲಿ ಹುಳ ಬೆಳೆಸಿ, ಮರಿಗಳನ್ನು ಕುಂಚದ ತುದಿಯಲ್ಲಿ ಎತ್ತಿ, ಪ್ರತಿ ಗಿಡದ ಸುಳಿಯೊಳಗೆ ಬಿಟ್ಟು ಬರುತ್ತಿದ್ದೆ. ಮದುವೆ ಮನೆಯಲ್ಲಿ ಯಾವ ಎಲೆಯನ್ನೂ ಬಿಡದಂತೆ ಬಡಿಸುತ್ತಾರಲ್ಲ, ಹಾಗೆ. ನಮ್ಮಪ್ಪ ಊರಿನಲ್ಲಿ ಇದನ್ನು ವಿವರಿಸಲಾಗದೆ "ಸೈಂಟಿಸ್ಟು" ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದರು.

ಜೋಗುಪಾಳ್ಯದಲ್ಲಿ ಮುನಿಯಮ್ಮಜ್ಜಿಯ ಮನೆಯ ಮಹಡಿಯ ಮೇಲೆ ನನ್ನ ಕೋಣೆ. ಅಜ್ಜಿಯದು ಹಲಸೂರು ಇನ್ನೂ ಹಳ್ಳಿಯಾಗಿದ್ದ ಕಾಲದ ಒಕ್ಕಲು ಮನೆತನ. ಮಗ ಮಂಜಣ್ಣ ಸರ್ಕಾರಿ ಕಾರ್ಖಾನೆಯ ಶಿಫ್ಟಿಗೆ ಹೋಗುತ್ತಿದ್ದರೂ ಕೆ.ಆರ್. ಪುರದ ಆಚೆ ಅವರಿಗೊಂದು ತುಂಡು ಹೊಲ ಉಳಿದಿತ್ತು. ಕಾಲೇಜಿನ ತೋಟ ಬಿಟ್ಟು ಬೇರೊಂದು ಜಾಗದಲ್ಲೂ ಪ್ರಯೋಗ ಮಾಡಬೇಕು ಎಂದು ನಮ್ಮ ಗೈಡ್ ಮೇಡಂ ಹೇಳಿದಾಗ, ಅಜ್ಜಿ ಒಂದೇ ಮಾತಿಗೆ ಹೊಲ ಬಿಟ್ಟುಕೊಟ್ಟರು. "ಮಣ್ಣು ಸುಮ್ನೆ ಬಿದ್ದಿರೋ ಬದ್ಲು ನೀನು ಹುಳಾನಾದ್ರೂ ಬೆಳ್ಕೋ ಕಣಪ್ಪ."

ಆ ವರ್ಷ ಹೊಲದಲ್ಲೊಂದು ಅಚ್ಚರಿ ನಡೆಯಿತು. ಉಳಿದ ಸಾಲುಗಳ ಎಲೆಗಳೆಲ್ಲ ಜರಡಿಯಾಗಿದ್ದರೆ, ನಡುವಿನ ಒಂದು ಸಾಲು ಮಾತ್ರ ಒಂದು ತೂತೂ ಇಲ್ಲದೆ ಹಸಿರಾಗಿ ನಿಂತಿತ್ತು. ನಂಬಲಾರದೆ ಇನ್ನೊಮ್ಮೆ ಹುಳ ಬಿಟ್ಟೆ. ಆಗಲೂ ಏನೂ ಆಗಲಿಲ್ಲ. ಬದುವಿನ ಮೇಲೆ ಕೂತು ಒಬ್ಬನೇ ನಕ್ಕೆ. ಬೇರೆ ಪರಾಗ ಬೀಳದಿರಲೆಂದು ಆ ಸಾಲಿನ ತೆನೆಗಳಿಗೆಲ್ಲ ಅದೇ ಸಾಲಿನ ಪರಾಗ ಉದುರಿಸಿ, ಕಾಗದದ ಚೀಲ ಹಾಕಿ ಪಿನ್ ಚುಚ್ಚಿದೆ. ಮೇಡಂ ಮಾತ್ರ ಕುಣಿಯಲಿಲ್ಲ. "ಬೀಜ ಕೈಗೆ ಬರ್ಲಿ ತಡೀರಿ. ಸಮಿತಿಯೋರು ಕೇಳೋದು ಬೀಜಾನೇ" ಎಂದರು. ನನ್ನ ಫೆಲೋಶಿಪ್ ಮುಂದುವರಿಯುತ್ತದೋ ನಿಲ್ಲುತ್ತದೋ ಎನ್ನುವುದು ಆ ವರ್ಷದ ಕೊನೆಯ ಸಮಿತಿಯ ಕೈಯಲ್ಲಿತ್ತು, ಮತ್ತು ನನ್ನ ಬಳಿ ತೋರಿಸಲು ಆ ಒಂದು ಸಾಲು ಬಿಟ್ಟರೆ ಬೇರೇನೂ ಇರಲಿಲ್ಲ.

ಗೌರಿ ಗಣೇಶನ ಹಬ್ಬಕ್ಕೆ ಊರಿಗೆ ಹೋಗಿ ಬಂದೆ. ಚಪ್ಪಲಿ ಬಿಡುವ ಮೊದಲೇ ಅಜ್ಜಿ ತಟ್ಟೆಯಲ್ಲಿ ಬೇಯಿಸಿದ ಜೋಳದ ತೆನೆಯೊಂದನ್ನು ಮುಂದೆ ಹಿಡಿದರು. "ನಿನ್ಗೆ ಅಂತ್ಲೇ ಎತ್ತಿಟ್ಟಿದ್ದೆ, ಪ್ರಸಾದ." ಕೈ ಚಾಚಿದವನ ಕಣ್ಣು ಕಿಟಕಿಯ ಕಡೆಗೆ ಹೋಯಿತು. ಅಲ್ಲಿ ನನ್ನ ಕಾಗದದ ಚೀಲಗಳು ಒಗೆದ ಬಟ್ಟೆಯ ಹಾಗೆ ಅಚ್ಚುಕಟ್ಟಾಗಿ ಮಡಿಚಿಕೊಂಡು ಕೂತಿದ್ದವು. ಮೇಲೆ ನನ್ನದೇ ಅಕ್ಷರ.

ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಅಜ್ಜಿ ಮಾತ್ರ ಸಂತೋಷವಾಗಿಯೇ ಇದ್ದರು. ಹೊಸ ಫಲದಲ್ಲಿ ಚೆಂದದ್ದನ್ನು ಗುರುತು ಕಟ್ಟಿ ದೇವರಿಗೆಂದು ಮೀಸಲು ಬಿಡುವುದು ಅವರ ಮನೆಯ ರೂಢಿ. "ಇಂಗ್ಲಿಷ್ ಓದಿರೋ ಹುಡ್ಗ, ಒಂದೊಂದ್ ತೆನೆಗೂ ಚೀಲ ಕಟ್ಟಿ ಮೀಸಲು ಬಿಟ್ಟವ್ನೆ ಅಂತ ಬೀದಿಗೆಲ್ಲಾ ಹೇಳ್ದೆ ಕಣಪ್ಪ. ಮಂಜನ್ ಕೈಲಿ ಕೀಳ್ಸಿ, ಪೂಜೆ ಮಾಡಿ, ಬೇಯ್ಸಿ ಎಲ್ರಿಗೂ ಹಂಚ್ಬಿಟ್ಟೆ." ಬೇಯಿಸಿದ ಬೀಜ ಮೊಳೆಯುವುದಿಲ್ಲ ಎಂದು ಈ ಹೆಂಗಸಿಗೆ ನಾನು ಯಾವ ಬಾಯಲ್ಲಿ ಹೇಳಲಿ? ಮೆಟ್ಟಿಲ ಮೇಲೆ ಕೂತೆ.

ಆಗ ಕಂಡಿತು. ಗಣೇಶನ ಮಂಟಪದ ಕಮಾನಿಗೆ ಸಿಪ್ಪೆಸಮೇತ ಕಟ್ಟಿದ್ದ ಒಂದು ಹಸಿ ತೆನೆ! ಎಳಸಾದರೂ ನೆರಳಲ್ಲಿ ಒಣಗಿಸಿದರೆ ನಾಲ್ಕು ಕಾಳಾದರೂ ಮೊಳೆತಾವು. ಬೇಡಿಕೊಂಡೆ. "ಈಗ್ಲೇ ಬಿಚ್ಬಾರ್ದು. ಸಾಯಂಕಾಲ ದೇವ್ರನ್ನ ಕದಲಿಸ್ತೀವಿ, ಆಮೇಲೆ ನಿನ್ದೇ" ಎಂದರು ಅಜ್ಜಿ. ಹಲಸೂರು ಕೆರೆಗೆ ಹೊರಡುವ ತನಕ ನಾನು ಆ ಗಣೇಶನ ಎದುರು ಅಲ್ಲಾಡದೆ ಕೂತಿದ್ದೆ. ಹುಡುಗನಿಗೆ ಎಷ್ಟು ಭಕ್ತಿ ಎಂದು ಬಂದವರೆಲ್ಲ ಮೆಚ್ಚಿಕೊಂಡರು.

ಮಂಗಳಾರತಿಯಾಯಿತು. ಮಂಜಣ್ಣ ತೆನೆ ಬಿಚ್ಚಿ, "ತಗೋ ಗುರು" ಎಂದು ಕೈಗಿಟ್ಟ. ಸಿಪ್ಪೆಯನ್ನು ಬುಡದ ತನಕ ಸುಲಿದೆ. ಬುಡದಲ್ಲಿ ಹಿಟ್ಟಿನಂಥ ಪುಡಿ, ಒಂದು ತೂತು. ಅದರೊಳಗಿಂದ ಕೊಬ್ಬಿದ ಹುಳವೊಂದು ನಿಧಾನವಾಗಿ ತಲೆ ಹೊರಗಿಟ್ಟಿತು. ನನ್ನದೇ ಹುಳ! ಡಬ್ಬಿಯಲ್ಲಿ ಸಾಕಿದವನಿಗೆ ಗುರುತು ಸಿಗದೆ ಇರುತ್ತದೆಯೇ? ತಲೆಯೊಳಗೆ ಏನೋ ಧೊಪ್ಪನೆ ಬಿದ್ದಂತಾಯಿತು. ಆ ಸಾಲು ಹುಳವನ್ನು ಓಡಿಸಿರಲಿಲ್ಲ. ಎಲೆ ರುಚಿಸದ ಹುಳ ಕೆಳಗಿಳಿದು ತೆನೆಯನ್ನೇ ಸೇರಿಕೊಂಡಿತ್ತು.

ಆರತಿಗೆ ಬಂದಿದ್ದ ಎದುರು ಮನೆಯಾಕೆ ಇಣುಕಿ ನೋಡಿ, "ಅಯ್ಯೋ, ನಮ್ದ್ರಲ್ಲೂ ಇತ್ತಮ್ಮ" ಎಂದಳು. "ನಮ್ದ್ರಲ್ಲೂ" ಎಂದಳು ಪಕ್ಕದ ಮನೆಯಾಕೆ. ಒಬ್ಬೊಬ್ಬರೇ, ಹಿಂದೆ ನಿಂತಿದ್ದವರೂ, ಅದನ್ನೇ ಹೇಳಿದರು. ನನ್ನ ಪ್ರಯೋಗದ ಫಲಿತಾಂಶವನ್ನು ಇಡೀ ಬೀದಿ ತಿಂದು ನೋಡಿತ್ತು! "ಮತ್ತೆ ಯಾರೂ ಹೇಳ್ಲಿಲ್ವಲ್ಲ!" ಎಂದೆ, ಹೆಚ್ಚುಕಡಿಮೆ ಕಿರುಚಿ. ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡಿದರು. "ಪ್ರಸಾದ್ದಲ್ಲಿ ಹುಳ ಐತೆ ಅಂತ ಯಾರಾದ್ರೂ ಅಂತಾರೇನಪ್ಪಾ? ತೆಗ್ದಾಕಿ, ಕಣ್ಗೊತ್ಕೊಂಡು ತಿಂದ್ರು."

ಮೇಡಂ ಎದುರು ಎಲ್ಲ ಒದರಿದೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಮೊದಲು ನಕ್ಕರು, ಆಮೇಲೆ ಅವರ ಮುಖ ಬಿಳಿಚಿಕೊಂಡಿತು. "ನಾವೂ ಎಲೆ ನೋಡಿ, ಕಣ್ಗೊತ್ಕೊಂಡು, ಬೀಜ ಮಾಡಿ ರೈತರಿಗೆ ಹಂಚ್ಬಿಟ್ಟಿದ್ರೆ?" ಆ ಪ್ರಶ್ನೆ ನನ್ನನ್ನು ಇಂದಿಗೂ ಬೆಚ್ಚಿಬೀಳಿಸುತ್ತದೆ. ಫೆಲೋಶಿಪ್ ಮುಂದುವರಿಯಲಿಲ್ಲ. ನಾನು ಇಂದಿರಾನಗರದ ವಿಮಾ ಕಚೇರಿಯೊಂದನ್ನು ಸೇರಿದೆ. ಅಪ್ಪ ಊರಿನಲ್ಲಿ ನೆಮ್ಮದಿಯಾಗಿ ನನ್ನ ಕೆಲಸ ವಿವರಿಸತೊಡಗಿದರು. ಮನಸ್ಸು ಮಾತ್ರ ಬಹಳ ವರ್ಷ ನೋಯುತ್ತಿತ್ತು, ಅದನ್ನು ಮುಚ್ಚಿಟ್ಟು ಏನಾಗಬೇಕು?

ಟಿನ್ ಫ್ಯಾಕ್ಟರಿಯ ಆ ತೆನೆಯಲ್ಲೂ, ನಂಬಿ, ಬುಡದಲ್ಲೊಂದು ಇತ್ತು. ಗಾಡಿಯಾಕೆ ನೋಡಿ ಪೆಚ್ಚಾಗಿ ಬೇರೆಯದನ್ನು ಎತ್ತಿಕೊಂಡಳು. ಬೇಡವೆಂದೆ. ಬುಡ ಮುರಿದು ಹಾಕಿ ಅದನ್ನೇ ಸುಡಿಸಿಕೊಂಡು, ಉಪ್ಪು ಖಾರ ನಿಂಬೆ ಸವರಿಸಿ, ಬಸ್ಸುಗಳ ಗದ್ದಲದ ನಡುವೆ ನಿಂತು ಪೂರ್ತಿ ತಿಂದೆ.

"ಹೆಂಗಿತ್ತು ಸಾರ್?" ಎಂದಳು, ಅಳುಕುತ್ತಲೇ.

"ಹುಳ ಇತ್ತಮ್ಮ," ಎಂದೆ. "ತುಂಬಾ ಚೆನ್ನಾಗಿತ್ತು."