ಅಂಬಾಬಾಯಿಯ ಧಾಬಳಿ

ನಮ್ಮ ಅತ್ತೆ ಅಂಬಾಬಾಯಿಯವರ ದಮ್ಮು ಥಂಡಿಯಿಂದಲೇ ಬಂದದ್ದು ಎಂದು ನಾರಾಯಣಪೇಟೆಯ ನಮ್ಮ ಓಣಿಗೆ ಓಣಿಯೇ ತೀರ್ಮಾನಿಸಿಬಿಟ್ಟಿತ್ತು. ಮಳೆಗಾಲ ಬಂತೆಂದರೆ ಮೊಸರು ಬಂದ್, ಬಾಳೆಹಣ್ಣು ಬಂದ್, ಮೂರು ಹೊತ್ತೂ ಶುಂಠಿ ಕಷಾಯ. ಆದರೂ ಅವರ ಎದೆಯೊಳಗಿನ ಸೀಟಿ ನಿಲ್ಲುತ್ತಿರಲಿಲ್ಲ.

ಅತ್ತೆಯ ಜೀವವೆಲ್ಲ ಮಠದ ಅಡುಗೆಮನೆಯಲ್ಲಿ. ಮದುವೆಯಾಗಿ ಬಂದ ಹೊಸತರಿಂದಲೂ ರಾಯರ ನೈವೇದ್ಯ ಅವರ ಕೈಯದೇ. ಅದನ್ನು ಮಡಿಯಲ್ಲಿ ಮಾಡಬೇಕು. ಒಗೆದು, ಯಾರೂ ಮುಟ್ಟದಂತೆ ಒಣಗಿಸಿದ ಸೀರೆಯೇ ಆಗಬೇಕು. ಮಳೆಯಲ್ಲಿ ಸೀರೆ ಒಣಗದಿದ್ದರೆ ಧಾಬಳಿ ಉಡುತ್ತಿದ್ದರು. ಅದು ಉಣ್ಣೆಯದು, ಒಗೆಯದಿದ್ದರೂ ಮೈಲಿಗೆಯಿಲ್ಲ. ಅವರ ಅತ್ತೆಯ ಕಾಲದ ಆ ಧಾಬಳಿಗೆ ನೀರು ಸೋಕಿದ್ದನ್ನು ನಾನಂತೂ ಕಂಡಿರಲಿಲ್ಲ.

ಹೋದ ಶ್ರಾವಣದಲ್ಲಿ, ಆರಾಧನೆಯ ದಿನವೇ, ಅತ್ತೆ ಉಸಿರು ಸಿಕ್ಕದೆ ಒಲೆಯ ಮುಂದೆ ಕುಸಿದು ಕೂತರು. ಬೇರೊಬ್ಬರು ಬಂದು ಸೌಟು ಹಿಡಿದರು. ಮಠ ನೋಡಿಕೊಳ್ಳುವ ಹರಿಕೃಷ್ಣಾಚಾರ್ಯರು, "ಇನ್ನ ಸಾಕ್ರಿ ಅಂಬಾಬಾಯಿ, ಆರಾಮ ಮಾಡ್ರಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅತ್ತೆ ಮನೆಗೆ ಬಂದು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದರು. ನನಗೆ ಕೆಟ್ಟ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದೆ ಗಂಡನನ್ನು ಬೈದೆ. ಮರುದಿನ ಅತ್ತೆಯನ್ನು ರಾಯಚೂರಿನ ಬಸ್ಸು ಹತ್ತಿಸಿದೆ.

ಅಲ್ಲಿನ ಡಾಕ್ಟರ್ ಕಾಂತೇಶ ಅತ್ತೆಯ ಮುಂಗೈ ಮೇಲೆ ಹನಿ ಹನಿ ಔಷಧ ಹಾಕಿ ಸಣ್ಣಗೆ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಒಂದು ಹನಿ ಬಿದ್ದ ಜಾಗ ಕೆಂಪಗೆ ಉಬ್ಬಿತು.

"ಇದು ಥಂಡಿ ಅಲ್ರಿ ಅಮ್ಮಾರ. ಧೂಳಿನಾಗ ಕಣ್ಣಿಗೆ ಕಾಣದ ನುಸಿ ಇರ್ತಾವ, ಅವು ನಿಮಗ ಆಗಿ ಬರಂಗಿಲ್ಲ. ಮನ್ಯಾಗ ಒಗಿಲಾರದ ಉಣ್ಣಿ ಬಟ್ಟಿ ಏನರ ಐತೇನ್ರಿ?"

ಅತ್ತೆ ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ.

ಡಾಕ್ಟರು ಬಿಡಿಸಿ ಹೇಳಿದರು. ಉಸಿರಿನ ಜೊತೆ ನುಸಿಯ ಹೊಲಸು ಒಳಗೆ ಹೋದರೆ, ಕಾವಲಿನ ಜೀವಕೋಶಗಳು ಅದನ್ನು ವೈರಿಯೆಂದು ತಪ್ಪು ತಿಳಿದು ಬಿಳಿ ರಕ್ತಕಣಗಳಿಗೆ ಸುದ್ದಿ ಮುಟ್ಟಿಸುತ್ತವೆ. ಆ ಕಣಗಳು ರಾಸಾಯನಿಕಗಳ ಮೂಲಕ ಮತ್ತಷ್ಟು ಕಣಗಳನ್ನು ಎಬ್ಬಿಸುತ್ತವೆ. ಕೆಲವು ನುಸಿಗೆಂದೇ ಪ್ರತಿಕಾಯ ತಯಾರಿಸುತ್ತವೆ. ಅದನ್ನು ಮೈಗಂಟಿಸಿಕೊಂಡು ಕಾದು ಕೂತ ಕೋಶಗಳು, ನುಸಿ ಮತ್ತೆ ಬಂದೊಡನೆ ತಮ್ಮೊಳಗಿನ ರಸ ಚೆಲ್ಲುತ್ತವೆ. ಉಸಿರಿನ ನಾಳ ಬಿಗಿಯುತ್ತದೆ, ಬಾತುಕೊಳ್ಳುತ್ತದೆ. ಚಾಡಿ ಮಾತಿಗೆ ಓಣಿಯೆಲ್ಲ ಜಗಳಕ್ಕೆ ನಿಂತ ಹಾಗೆ ಎಂದು ನನಗೆ ಅರ್ಥವಾಯಿತು.

"ಈ ಇನ್ಹೇಲರ್ ಪಂಪು ದಿನಾ ಎಳ್ಕೊಂಡ್ರ ಆ ಗದ್ದಲ ತಣ್ಣಗಾಗತೈತಿ. ಆರಾಮ ಆದ್ರೂ ನಮ್ಮನ್ನ ಕೇಳಲಾರದ ಬಿಡಬ್ಯಾಡ್ರಿ."

"ಬಾಯಾಗ ಇಡೋದೇನ್ರಿ?" ಅತ್ತೆ ಹಿಂಜರಿದರು. "ಎಂಜಲ ಆಗ್ತದಲ್ಲ. ನಾ ಮಡೀಲೆ ಅಡಗಿ ಮಾಡಾಕಿ."

"ಎಳ್ಕೊಂಡ ಮ್ಯಾಲ ಬಾಯಿ ಮುಕ್ಕಳಿಸಲೇಬೇಕ್ರಿ, ಅದು ನಮ್ಮ ಮಡಿ. ಆಮ್ಯಾಲ ಸ್ನಾನ ಮಾಡಿ ನಿಮ್ಮ ಮಡಿ ಉಟ್ಕೋರಿ."

ಅತ್ತೆ ಪಂಪನ್ನು ಸೆರಗಿನ ತುದಿಯಿಂದ ಹಿಡಿದು, "ನಡೀತದ" ಎಂದರು.

ಮನೆಗೆ ಬಂದವರೇ ಧಾಬಳಿಯನ್ನು ಕುದಿಯುವ ನೀರಿಗೆ ಅದ್ದಿದರು. ಒಣಗಿದಾಗ ಅದು ಕುಗ್ಗಿ ಕೂಸಿಗೆ ಹೊದಿಸುವಷ್ಟಾಗಿತ್ತು. "ನಿಮ್ಮ ಅತ್ತಿಯವರಿಗೆ ಏನ ಜವಾಬು ಕೊಡ್ತೀರಿ?" ಎಂದು ಕೆಣಕಿದೆ.

"ಆಕೀನೂ ಮಳಿಗಾಲದಾಗ ಹಿಂಗ ತೇಕತಿದ್ಲು, ಪಾಪ" ಎಂದರು ಅತ್ತೆ. ನನ್ನ ನಗೆ ಅಲ್ಲೇ ನಿಂತಿತು. ಅಂದಿನಿಂದ ಮಳೆಗಾಲಕ್ಕೆಂದೇ ಇನ್ನಷ್ಟು ನೂಲಿನ ಸೀರೆಗಳು ಒಳಕೋಣೆಯ ಫ್ಯಾನಿನ ಕೆಳಗೆ ಒಣಗತೊಡಗಿದವು. ಅಲ್ಲಿಗೆ ಯಾರೂ ಕಾಲಿಡುವಂತಿಲ್ಲ.

ಈ ಶ್ರಾವಣದಲ್ಲಿ ಅತ್ತೆ ಮತ್ತೆ ಸೌಟು ಹಿಡಿಯಲು ಆಚಾರ್ಯರು ಅಳುಕುತ್ತಲೇ ಒಪ್ಪಿದರು. ಆರಾಧನೆಯ ದಿನ ನಾನು ಕರಿಬೇವು ಕೊಡುವ ಅವಸರದಲ್ಲಿ ಮಠದ ಅಡುಗೆಮನೆಯ ಹೊಸ್ತಿಲು ದಾಟಿಬಿಟ್ಟೆ.

"ಅಲ್ಲೇ ನಿಂದ್ರು, ಕಣ್ಣು ಎಲ್ಲಿಟ್ಟೀ, ಇಷ್ಟು ವರ್ಷ ಆದ್ರೂ ಮಡಿ ಯಾವುದು ಮೈಲಿಗಿ ಯಾವುದು ತಿಳೀಲಿಲ್ಲೇನ, ನಿಮ್ಮವ್ವ ಏನ ಕಲಿಸಿ ಕಳಿಸ್ಯಾಳ, ಈಗ ಹುಳಿ ಎಲ್ಲಾ ಮತ್ತ ಮೊದಲಿಂದ ಮಾಡಬೇಕು, ಸರಿ ಆಚೆ" ಎಂದು ಅತ್ತೆ ನಡುವೆ ಎಲ್ಲೂ ಉಸಿರು ಎಳೆಯದೆ ಬೈದರು. ನಾನು ಕಣ್ಣೊರೆಸಿಕೊಳ್ಳುತ್ತ, ಸೀಟಿಯಿಲ್ಲದ ಆ ಬೈಗುಳವನ್ನು ಮುಗಿಯುವವರೆಗೂ ನಿಂತು ಕೇಳಿದೆ.