ರೈಲು ಕಂಬಿಯ ಗಂಟೆ ಮತ್ತು ನನ್ನ ಗೆಳೆಯ

ಎಪ್ಪತ್ತರ ದಶಕದ ಕೊನೆ. ದಾಸರಹಳ್ಳಿ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಗಂಟೆಯೆಂದರೆ ಬೇವಿನ ಮರಕ್ಕೆ ನೇತುಹಾಕಿದ ಒಂದು ತುಂಡು ರೈಲು ಕಂಬಿ. ಅದನ್ನು ಬಾರಿಸುವ ಅಧಿಕಾರ ಜವಾನರಿಗೆ ಮಾತ್ರ ಮೀಸಲು. ಹೆಡ್‌ಮಾಸ್ಟರಿಗೂ ಮುಟ್ಟುವ ಧೈರ್ಯವಿರಲಿಲ್ಲ. ಪೀಣ್ಯದ ಕಾರ್ಖಾನೆಗಳ ಸೈರನ್ನಿಗೆ ಸೋಲಬಾರದೆಂದು ಜವಾನರು ಮೈಯ ಬಲವೆಲ್ಲ ಹಾಕಿ ಹೊಡೆಯುತ್ತಿದ್ದರು.

ನನ್ನ ಪಕ್ಕ ಕೂರುತ್ತಿದ್ದ ಗೆಳೆಯನಿಗೆ ಆ ಸದ್ದು ಆಗುತ್ತಿರಲಿಲ್ಲ. ಕೇಳಿದೊಡನೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರುತ್ತಿದ್ದ. ಮತ್ತೆ ಮೇಲೆದ್ದು ಬರೆಯುವಷ್ಟರಲ್ಲಿ ಅರ್ಧ ಪೀರಿಯಡ್ಡು ಮುಗಿದಿರುತ್ತಿತ್ತು. ಆಟಿಸಂ ಎಂಬ ಮಾತು ನನಗೆ ಗೊತ್ತಾದದ್ದು ತಲೆ ನರೆತ ಮೇಲೆ. ಆಗ ಚಾಲ್ತಿಯಲ್ಲಿದ್ದ ಶಾಸ್ತ್ರೀಯ ಪದ ‘ಒಂಥರಾ ಹುಡುಗ’. ನಮ್ಮ ಸ್ನೇಹ ನಿಂತದ್ದು ಉಪ್ಪಿನಕಾಯಿಯ ಮೇಲೆ. ಅವನಿಗೆ ಬರೀ ಮೊಸರನ್ನ ಬೇಕು. ಅವನ ತಾಯಿ ಮಾತ್ರ ಆಸೆ ಬಿಡದೆ ದಿನಾ ಡಬ್ಬಿಯ ಮುಚ್ಚಳದಲ್ಲಿ ಉಪ್ಪಿನಕಾಯಿ ಇಡುತ್ತಿದ್ದರು. ಅನ್ನಪೂರ್ಣೆಗೆ ಅಪಚಾರವಾಗದಂತೆ ನೋಡಿಕೊಳ್ಳುವ ಹೊಣೆ ನನ್ನದಾಗಿತ್ತು.

ಎಸ್ಸೆಸ್ಸೆಲ್ಸಿ ಪರೀಕ್ಷೆ ನಮ್ಮ ಶಾಲೆಯಲ್ಲೇ ನಡೆಯುವುದಿತ್ತು. ಅರ್ಧ ಗಂಟೆಗೊಮ್ಮೆ ಕಂಬಿ ಮೊಳಗಬೇಕು. ಪ್ರತಿ ಸಲ ಬೆಂಚಿನಡಿ ಸೇರಿದರೆ ಫೇಲಾಗುವುದು ಖಂಡಿತ. ಏನು ಮಾಡೋಣವೆಂದು ಅವನನ್ನೇ ಕೇಳಿದೆ.

“ಯಾವಾಗ ಹೊಡೀತಾರೆ ಅಂತ ಮುಂಚೆ ಗೊತ್ತಾದ್ರೆ ಪರವಾಗಿಲ್ಲ” ಎಂದ.

ನಾನು ಏಕಸದಸ್ಯ ನಿಯೋಗವಾಗಿ ಜವಾನರ ಬಳಿ ಹೋದೆ. “ಅಣ್ಣ, ಪರೀಕ್ಷೆಲಿ ಸ್ವಲ್ಪ ಮೆತ್ತಗೆ ಹೊಡೀರಿ.”

“ಮೆತ್ತಗೆ ತಟ್ಟಾಕೆ ಇದೇನು ರೊಟ್ಟಿಯೇನ್ಲಾ?” ಎಂದವರು, ವಿಷಯ ಕೇಳಿದ ಮೇಲೆ ತೀರ್ಪು ಕೊಟ್ಟರು: “ಒಡೆಯಾಕ್ ಮುಂಚೆ ಕಿಟಕಿತಾವ ಬಂದು ಸುತ್ತಿಗೆ ತೋರಿಸ್ತೀನಿ. ಸಾಕಾ?”

ಲೆಕ್ಕದ ಪರೀಕ್ಷೆ. ಗೆಳೆಯ ಕಿಟಕಿಯ ಪಕ್ಕ, ನಾನು ಹಿಂದೆ. ಜವಾನರು ಬಂದು, ಧ್ವಜಾರೋಹಣದ ಗಾಂಭೀರ್ಯದಿಂದ ಸುತ್ತಿಗೆ ಎತ್ತಿದರು. ಅವನು ಪೆನ್ನಿಟ್ಟು ಕಿವಿ ಮುಚ್ಚಿಕೊಂಡ. ಗಂಟೆಯಾಯಿತು. ಮತ್ತೆ ಪೆನ್ನು ಹಿಡಿದ. ಎರಡನೆಯ ಸಲ ಸುತ್ತಿಗೆ ಮೇಲೇರಿದಾಗ, ಬೇರೆ ಶಾಲೆಯಿಂದ ಬಂದಿದ್ದ ಸೂಪರ್‌ವೈಸರ್ ಕಣ್ಣಿಗೆ ಬಿತ್ತು. ಗೆಳೆಯನ ಉತ್ತರಪತ್ರಿಕೆ ಕಿತ್ತುಕೊಂಡರು.

“ಕಾಪಿನಾ? ಡಿಬಾರ್ ಮಾಡಿಸ್ತೀನಿ. ಏನಯ್ಯಾ ಅದು ತೋರಿಸಿದ್ದು?”

“ಸುತ್ತಿಗೆ, ಸಾರ್” ಎಂದ ಗೆಳೆಯ.

“ಅದು ನನಗೂ ಕಾಣುತ್ತೆ. ಅದರ ಅರ್ಥ ಏನು?”

“ಸುತ್ತಿಗೆಗೆ ಅರ್ಥ ಇರಲ್ಲ ಸಾರ್.”

ನಾನು ಎದ್ದೆ. “ಸಾರ್, ಅವನಿಗೆ ಗಂಟೆ ಸದ್ದು ಆಗಲ್ಲ. ಮುಂಚೆ ಗೊತ್ತಾಗ್ಲಿ ಅಂತ...”

“ನೀನ್ಯಾರು, ಇವನ ವಕೀಲನಾ? ಕೂತ್ಕೊ!”

ಕಿಟಕಿಯಾಚೆ ಜವಾನರಿಗೆ ಕರ್ತವ್ಯಪ್ರಜ್ಞೆ ಜಾಗೃತವಾಯಿತು. “ಟೇಮ್ ಆಗೋಯ್ತು ಸ್ವಾಮಿ” ಎನ್ನುತ್ತ ಓಡಿದರು. ಅನುಮಾನಕ್ಕೆ ಗುರಿಯಾದ ಸಿಟ್ಟೂ ಸೇರಿ ಕಂಬಿಗೆ ಎಂದಿಗಿಂತ ಜೋರಾದ ಪೆಟ್ಟು ಬಿತ್ತು. ವಿಚಾರಣೆಯ ಗಡಿಬಿಡಿಯಲ್ಲಿ ಸುತ್ತಿಗೆಯನ್ನು ಮರೆತಿದ್ದ ಗೆಳೆಯ ಬೆಂಚಿನಡಿ ಮಾಯವಾದ.

ಸೂಪರ್‌ವೈಸರ್ ಬಗ್ಗಿ ನೋಡಿದರು. ಅವನು ಎರಡೂ ಕಿವಿ ಮುಚ್ಚಿಕೊಂಡು ಮುದುಡಿ ಕೂತಿದ್ದ. ಆಮೇಲೆ ಉತ್ತರಪತ್ರಿಕೆಯನ್ನು ಅವನ ಜಾಗದಲ್ಲಿಟ್ಟು, ಗಾಳಿಗೆ ಹಾರದಂತೆ ಮೇಲೆ ಪೆನ್ನಿಟ್ಟರು. “ಆದಾಗ ಏಳಪ್ಪ” ಎಂದರು.

ಅವನು ಎದ್ದು ಬರೆಯತೊಡಗಿದ. ಮುಂದಿನ ಗಂಟೆಯ ಹೊತ್ತಿಗೆ ಅವರೇ ಕಿಟಕಿಯಲ್ಲಿ ನಿಂತು ಮರದ ಕಡೆ ಕಣ್ಣಿಟ್ಟರು; ಜವಾನರು ಹೊರಟೊಡನೆ ಇತ್ತ ತಿರುಗಿ ಕೈಯೆತ್ತಿದರು.

“ಸಾರ್, ಬೆಳಕಿಗೆ ಅಡ್ಡ ನಿಂತಿದೀರಿ” ಎಂದ ಗೆಳೆಯ.

ಅವರು ಸರಿದು ನಿಂತರು. ಅವನು ಪಾಸಾದ. ಲೆಕ್ಕದಲ್ಲಿ ನನಗೆ ಅವನಿಗಿಂತ ಕಡಿಮೆ ಬಂದ ವಿಷಯ ಇಲ್ಲಿ ಅಪ್ರಸ್ತುತ.